ಹಳೇಬೀಡು, ಬೇಲೂರು: ಕೆಂಪು ಬಸ್ಸಿನಲ್ಲಿ ಒಂದು ದಿನ

ವಿದೇಶದ ಪ್ರವಾಸಿಗರು ದೊಡ್ಡ ಹಡಗುಗಳಲ್ಲಿ ಮಂಗಳೂರಿನ ಪಣಂಬೂರು ಬಂದರಿಗೆ ಬರುತ್ತಾರೆ. ಹಡಗು ನಿಲ್ಲುವ ಕೆಲವೇ ಗಂಟೆಗಳಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ಸ್ಥಳಗಳನ್ನು ನೋಡಿಕೊಂಡು ಹೋಗುತ್ತಾರೆ. ಅವರು ಸಮುದ್ರ ದಾಟಿ ನಮ್ಮ ಇತಿಹಾಸ ನೋಡಲು ಬರುವಾಗ, ಅರಸೀಕೆರೆಯವರಾದ ನಾವು ಸುಮಾರು 45 ಕಿ.ಮೀ. ದೂರದ ಹಳೇಬೀಡನ್ನು ನೋಡಿದ್ದೇವೆಯೇ? ನಮ್ಮ ತರಗತಿಯಲ್ಲಿ ಕೇಳಿದೆ. ಅರ್ಧದಷ್ಟು ಜನ ನೋಡಿರಲಿಲ್ಲ. ನೋಡಿದವರೂ ಪ್ರೈಮರಿ ಶಾಲೆಯ ಪ್ರವಾಸದಲ್ಲಿ ಹೋಗಿ ಮರೆತಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ದಸರಾ ರಜೆಯಲ್ಲಿ ನಾನು, ನನ್ನ ಗೆಳತಿ ಹೋಗಿ ಬಂದೆವು. ನೀವೂ ಹೋಗಲು ಅನುಕೂಲವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲಿ ಅಮ್ಮಿಗೆ ಎರಡು ಚಿಂತೆಗಳಿದ್ದವು. ಹೆಣ್ಣುಮಕ್ಕಳು ಇಬ್ಬರೇ ಹೋಗುವುದು ಒಂದು. "ದೇವಸ್ಥಾನ ನೋಡಿ ನೀನು ಏನು ಮಾಡ್ತೀಯ, ಬೇಟಿ?" ಎಂಬುದು ಇನ್ನೊಂದು. ಮಗ್ರಿಬ್ ಒಳಗೆ ಮನೆ ಸೇರುತ್ತೇನೆ ಎಂದ ಮೇಲೆ ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಆಗ ನನ್ನ ಬಳಿ ಉತ್ತರವಿರಲಿಲ್ಲ.

ಹೋಗುವುದು ಹೇಗೆ? ಬಾಣಾವರ, ಜಾವಗಲ್ ಮಾರ್ಗವಾಗಿ ಹಳೇಬೀಡು. ನೇರ ಬಸ್ ಸಿಗದಿದ್ದರೆ ದಾರಿಯಲ್ಲಿ ಬದಲಾಯಿಸಬೇಕು. ಜಾವಗಲ್ ದರ್ಗಾಕ್ಕೆ ಹೋಗಿ ಬಂದವರಿಗೆ ಅರ್ಧ ದಾರಿ ಗೊತ್ತೇ ಇದೆ. ಹಳೇಬೀಡಿನಿಂದ ಬೇಲೂರು ಸುಮಾರು 16 ಕಿ.ಮೀ. ಮರಳುವಾಗ ಬೇಲೂರಿನಿಂದ ಹಾಸನಕ್ಕೆ ಬಂದು, ಅಲ್ಲಿಂದ ಅರಸೀಕೆರೆ ಬಸ್ ಹಿಡಿಯಬಹುದು. ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಹಣ ಬೇಕಾಗಲಿಲ್ಲ. ಆಧಾರ್ ಕಾರ್ಡ್ ಸಾಕಾಯಿತು. ಊಟ ಮನೆಯಿಂದ ಕಟ್ಟಿಕೊಂಡಿದ್ದೆವು. ಮ್ಯೂಸಿಯಂ, ಟೀ, ಎಳನೀರು ಎಲ್ಲ ಸೇರಿ ಇಬ್ಬರಿಗೆ 180 ರೂಪಾಯಿ ಖರ್ಚಾಯಿತು. ಹುಡುಗರು ಬಸ್ ಚಾರ್ಜ್ ಸೇರಿಸಿಕೊಳ್ಳಿ.

ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ. ಅದು ಹೊಯ್ಸಳರ ರಾಜಧಾನಿ. ಹೊಯ್ಸಳೇಶ್ವರ ದೇವಾಲಯದ ಕೆಲಸ ಸುಮಾರು 1121ರಲ್ಲಿ ಶುರುವಾಯಿತು. ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಬಹಳ ಹಿಡಿಸಿದ ವಿಷಯವೆಂದರೆ ಅದರ ಹಣದ ಮೂಲ. ಇದು ರಾಜನ ಖಜಾನೆಯಿಂದಲೇ ಕಟ್ಟಿದ್ದಲ್ಲ. ಕೇತಮಲ್ಲ, ಕೇಸರಸೆಟ್ಟಿ ಮೊದಲಾದ ಊರಿನ ಸಿರಿವಂತರು ಹಣ ಹಾಕಿದ್ದರು. ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದ ಊರಿನಲ್ಲಿ ಮಾತ್ರ ಇಂಥ ಕೆಲಸ ಸಾಧ್ಯ. ಇಲ್ಲಿ ಬಳಸಿರುವುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ತೆರೆದಂತೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಗೊಂಬೆಗಳ ಕೊರಳಿನ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಶಿಲ್ಪಿಗಳಿಗೆ ಆಯಿತು. ಗೋಡೆಯ ಕೆಳಗಿನ ಸಾಲಿನಲ್ಲಿ ಆನೆಗಳಿವೆ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸಾಲುಗಳು. ಇನ್ನೂ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ಹತ್ತಿರದ ಬಸದಿಹಳ್ಳಿಯಲ್ಲಿ ಜೈನ ಬಸದಿಗಳಿವೆ. ಅಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ.

ಅಲ್ಲಿ ಗೈಡ್ ಒಬ್ಬರು ಬೇರೆ ಗುಂಪಿಗೆ 1311ರ ಮಲಿಕ್ ಕಾಫೂರನ ದಾಳಿಯ ಬಗ್ಗೆ ಹೇಳುತ್ತಿದ್ದರು. ನನ್ನ ದುಪಟ್ಟಾ ನೋಡಿ ಕೆಲವರು ತಿರುಗಿದರು. ಗೆಳತಿ ನನ್ನ ಕೈ ಹಿಡಿದುಕೊಂಡಳು. ದಾಳಿ ನಡೆದದ್ದು ನಿಜ. ಅಲ್ಲಾವುದ್ದೀನ್ ಖಿಲ್ಜಿಯ ಆ ಸೇನಾಪತಿ ಆನೆ, ಕುದುರೆ, ಸಂಪತ್ತನ್ನು ದೆಹಲಿಗೆ ಒಯ್ದ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇತಿಹಾಸ ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಲವು ದಶಕಗಳ ನಂತರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದು, ಹೊನ್ನಾವರ, ಮಂಗಳೂರು ನೋಡಿದ ಯಾತ್ರಿಕ ಇಬ್ನ್ ಬತೂತಾ, ಹೊಯ್ಸಳ ದೊರೆ ಮೂರನೇ ಬಲ್ಲಾಳನ ಸೇನೆಯಲ್ಲಿ ಸುಮಾರು 20,000 ಮುಸ್ಲಿಮರಿದ್ದರೆಂದು ಬರೆದಿದ್ದಾನೆ. ಅಂದರೆ ದೋರಸಮುದ್ರದ ದೊರೆಗಾಗಿ ಹೋರಾಡಿದವರಲ್ಲಿಯೂ ನಮ್ಮವರಿದ್ದರು. ಬಸ್ಸಿನಲ್ಲಿ ಗೆಳತಿಗೆ ಇದನ್ನು ಹೇಳಿದೆ. "ಇದನ್ನ ಗೈಡ್‌ಗೂ ಹೇಳಬೇಕಿತ್ತು ಕಣೇ" ಎಂದಳು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದ. ಇಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಕನ್ನಡಿ ಹಿಡಿದ ದರ್ಪಣ ಸುಂದರಿ ಸೇರಿದಂತೆ ಮದನಿಕೆಯರ ಶಿಲ್ಪಗಳಿಗೆ ಇದು ಪ್ರಸಿದ್ಧ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪಗಳ ಕೆಳಗೆ ಹೆಸರು ಬರೆದಿದ್ದಾರೆ. ಒಂಬೈನೂರು ವರ್ಷಗಳ ನಂತರವೂ ಕೆಲಸ ಮಾಡಿದವರ ಹೆಸರು ಉಳಿದಿದೆ. ಇಲ್ಲಿನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವ ಪದ್ಧತಿ ಬಹುಕಾಲದಿಂದ ಬಂದಿದೆ. 2022ರಲ್ಲಿ ವಿವಾದ ಎದ್ದಾಗಲೂ ಪಠಣ ನಡೆಯಿತು.

ಮನೆಗೆ ಬಂದು ಅಮ್ಮಿಗೆ ಇದನ್ನೆಲ್ಲ ಉರ್ದುವಿನಲ್ಲಿ ವಿವರಿಸಿದೆ. ನಾನು ಪೂಜೆಗೆ ಹೋದವಳಲ್ಲ, ನಮ್ಮ ಜಿಲ್ಲೆಯ ಇತಿಹಾಸ ಓದಲು ಹೋದವಳು ಎಂದೆ. ಅವರು ಫೋಟೋಗಳನ್ನು ಒಂದೊಂದಾಗಿ ನೋಡಿ, ಬೇಲೂರು ಎಷ್ಟು ದೂರ ಎಂದು ಕೇಳಿದರು.

ಹೋಗುವವರಿಗೆ ಕೆಲವು ಸೂಚನೆಗಳು: ಶುಕ್ರವಾರ ಹಳೇಬೀಡಿನ ಮ್ಯೂಸಿಯಂ ರಜೆ, ಆದ್ದರಿಂದ ಭಾನುವಾರ ಹೋಗಿ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಸಾಕ್ಸ್ ಇರಲಿ. ಶಿಲ್ಪಗಳನ್ನು ಮುಟ್ಟಬೇಡಿ. ಅಷ್ಟು ದೂರ ಆಗದವರು ನಮ್ಮ ಊರಿನ ಶಿವಾಲಯದಿಂದಲೇ ಶುರು ಮಾಡಿ. ಅದು 1220ರ ಹೊಯ್ಸಳ ದೇವಾಲಯ. ಅದರ ಹದಿನಾರು ಮೂಲೆಗಳ ನಕ್ಷತ್ರಾಕಾರದ ಮಂಟಪ ಬಹಳ ಅಪರೂಪದ್ದು. ನಮ್ಮ ವಾಣಿಜ್ಯ ವಿಭಾಗದ ಈ ವರ್ಷದ ಪ್ರವಾಸವನ್ನು ಹಳೇಬೀಡಿಗೆ ಇಟ್ಟುಕೊಳ್ಳಬೇಕೆಂದು ಉಪನ್ಯಾಸಕರಲ್ಲಿ ನನ್ನ ವಿನಂತಿ.