ಹಂಪ್ಟಾ ದಾರಿಯಲ್ಲೊಂದು ಉಣ್ಣೆ ಹಗ್ಗ

ಆ ಹಗ್ಗದ ಹೆಸರು ಡೋರಾ. ಕಪ್ಪು ಉಣ್ಣೆ ಹೊಸೆದು ಮಾಡಿದ್ದು, ಹತ್ತಾರು ಅಡಿ ಉದ್ದ. ಚೋಲಾ ಎಂಬ ದಪ್ಪ ಉಣ್ಣೆಯ ನಿಲುವಂಗಿ ತೊಟ್ಟು, ಅದರ ಮೇಲೆ ಸೊಂಟಕ್ಕೆ ಇದನ್ನು ಸುತ್ತಿಕೊಂಡ ಹಿಮಾಚಲದ ಗದ್ದಿ ಸಮುದಾಯದ ಕುರಿಗಾಹಿ ಅಜ್ಜ ಒಬ್ಬರು, ಹಂಪ್ಟಾ ಚಾರಣದ ಬಾಲು ಕಾ ಘೇರಾ ಬಿಡಾರ ದಾಟಿದ ಮೇಲಿನ ಕಲ್ಲುರಾಶಿಯಲ್ಲಿ ಸಿಕ್ಕರು. ಎದೆಯ ಹತ್ತಿರ ಚೋಲಾದೊಳಗಿಂದ ಒಂದು ಕುರಿಮರಿ ಇಣುಕುತ್ತಿತ್ತು. ಡೋರಾ ಬಿಗಿದಿದ್ದರೆ ಮೇಲಿನ ಬಟ್ಟೆಯೇ ಚೀಲ. ನಡೆಯಲಾರದ ಮರಿಗೂ ಅಲ್ಲಿ ಜಾಗ, ಮಧ್ಯಾಹ್ನದ ರೊಟ್ಟಿಗೂ ಅಲ್ಲೇ.

ನಮ್ಮ ತಂಡದಲ್ಲಿ ಇಪ್ಪತ್ತರ ಆಸುಪಾಸು ಜನ, ಹೆಚ್ಚಿನವರು ಬೆಂಗಳೂರಿನ ಐಟಿಯವರು. ಎಲ್ಲರ ಬೆನ್ನಮೇಲೂ ಸೊಂಟಪಟ್ಟಿಯಿರುವ ದುಬಾರಿ ರಕ್‌ಸ್ಯಾಕ್. ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಲಿ ಎಂದು ಆ ಪಟ್ಟಿ. ಡೋರಾ ಕೂಡ ಏರಿಳಿತದಲ್ಲಿ ಸೊಂಟಕ್ಕೆ ಆಸರೆ, ಬೆನ್ನಿಗೆ ಬಿಸುಪು ಎನ್ನುತ್ತಾರೆ. ಬೆನ್ನುನೋವೇ ಬರುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಅಷ್ಟಾಗಿ ನಂಬಲಿಲ್ಲ. ಗದ್ದಿಗಳ ಪಾಲಿಗೆ ಈ ಚೋಲಾ–ಡೋರಾ ಶಿವನ ಉಡುಪು. ಕಿರಿಯರೆಲ್ಲ ಈಗ ಜಾಕೆಟ್ಟಿಗೆ ಇಳಿದಿದ್ದಾರೆ. ನಮ್ಮ ಕುರುಬರ ಕರಿಕಂಬಳಿ ನೋಡಿ ಬೆಳೆದ ಕಣ್ಣಿಗೆ ಈ ಅಜ್ಜ ಪರಿಚಿತರಂತೆಯೇ ಕಂಡರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ನಡಿಗೆ. ಮಂದೆಯ ಮುಂದೆ ಒಬ್ಬ ಹುಡುಗ ಶಿಳ್ಳೆ ಹಾಕುತ್ತ ಹೋಗುತ್ತಿದ್ದ, ಈ ಅಜ್ಜ ಕಟ್ಟಕಡೆಗೆ. ಕುಂಟುವ ಕುರಿ ನಿಂತರೆ ಇವರೂ ನಿಲ್ಲುತ್ತಿದ್ದರು. ಅವಸರ ಇಲ್ಲ, ಏದುಸಿರೂ ಇಲ್ಲ.

ನಮ್ಮದು ಇದಕ್ಕೆ ತದ್ವಿರುದ್ಧ. ಹಂಪ್ಟಾ ಪಾಸ್ ಸುಮಾರು 4,270 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಮೇಲೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಅಷ್ಟೇ, ಒತ್ತಡ ಮಾತ್ರ ಸಮುದ್ರಮಟ್ಟದ ಐದರಲ್ಲಿ ಮೂರು ಪಾಲಿಗೆ ಇಳಿದಿರುತ್ತದೆ. ಹತ್ತು ಹೆಜ್ಜೆಗೊಮ್ಮೆ ಎದೆ ಡವಗುಟ್ಟುವುದು ಅದಕ್ಕೇ. ಕಾಲು ಗಟ್ಟಿ ಇದ್ದವರು ಮುಂದೆ ಓಡಿ, ಬಂಡೆಯ ಮೇಲೆ ಕೂತು, ಚಿಕ್ಕಿ ತಿಂದು, ಸೆಲ್ಫಿ ತೆಗೆದು ದಣಿವಾರಿಸಿಕೊಳ್ಳುತ್ತಾರೆ. ಹಿಂದಿನವರು ಉಸ್ಸಪ್ಪಾ ಎಂದು ಅಲ್ಲಿಗೆ ತಲುಪುವ ಹೊತ್ತಿಗೆ, ‘ಎಲ್ಲರೂ ಬಂದ್ರಲ್ಲ, ನಡೀರಿ’ ಎಂದು ಮುಂದಿನವರು ಎದ್ದುಬಿಡುತ್ತಾರೆ. ಬಳಲಿದವರಿಗೆ ಬಿಡುವಿಲ್ಲ, ಬಳಲದವರಿಗೆ ಗಂಟೆಗೊಂದು ಬಿಡುವು! ಗುಂಪಿನ ಚಾರಣದಲ್ಲಿ ಅರ್ಧ ಸುಸ್ತು ಬೆಟ್ಟದ್ದಲ್ಲ, ಈ ಲೆಕ್ಕಾಚಾರದ್ದು. ಈ ದಾರಿಯನ್ನು ಹೊಸಬರಿಗೂ ಸುಲಭ ಎಂದು ಜಾಹೀರಾತು ಕೊಡುವವರು ಕೊನೆಯ ಸಾಲಿನಲ್ಲಿ ಒಮ್ಮೆ ನಡೆದು ನೋಡಬೇಕು.

ಅಂದು ಕೊನೆಯಲ್ಲಿದ್ದವರು ಐವತ್ತು ದಾಟಿದ ಮೇಡಂ ಒಬ್ಬರು. ಅವರ ಹಿಂದೆ ನಾನು, ನನ್ನ ಹಿಂದೆ ‘ಸ್ವೀಪರ್’ ಎನಿಸಿಕೊಂಡ ಕಡೆಯ ಗೈಡ್. ಇನ್ನೆಷ್ಟು ದೂರ ಎಂದರೆ ಅವನದು ಒಂದೇ ಉತ್ತರ: ‘ಬಸ್, ಆಧಾ ಘಂಟಾ.’

ಮೇಲೆ ತಲುಪಿದಾಗ ಹಿಂದೆ ಕುಲ್ಲುವಿನ ಹಸಿರು, ಮುಂದೆ ಲಾಹೌಲಿನ ಬೋಳು ಮಣ್ಣು. ಮುಂಗಾರಿನ ಮೋಡಗಳನ್ನು ಬಹುಪಾಲು ಪೀರ್ ಪಂಜಾಲ್ ಸಾಲೇ ತಡೆಯುವುದರಿಂದ ಈ ಪರಿ ಬದಲಾವಣೆ. ಇಂದ್ರಾಸನ (6,221 ಮೀಟರ್) ಆ ಹೊತ್ತಿಗೆ ಮಂಜಿನೊಳಗಿತ್ತು. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದವರು 1962ರಲ್ಲಿ ಮೊದಲು ಹತ್ತಿದ ಶಿಖರ ಅದು. ಈಗ ಲಾಹೌಲಿಗೆ ಹೋಗಲು ಯಾರೂ ಬೆಟ್ಟ ಹತ್ತಬೇಕಿಲ್ಲ; 2020ರಲ್ಲಿ ತೆರೆದ ಅಟಲ್ ಸುರಂಗದಲ್ಲಿ ಕಾರು ನಿಮಿಷಗಳಲ್ಲಿ ಆಚೆ ದಾಟುತ್ತದೆ. ಕುರಿಮಂದೆಗೆ ಮಾತ್ರ ದಾರಿಯುದ್ದಕ್ಕೂ ಹುಲ್ಲು ಬೇಕಲ್ಲ.

ಇಳಿಜಾರು ಏರಿಗಿಂತ ಕ್ರೂರ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದರ ಎಳೆಗಳು ಸಣ್ಣಗೆ ಹರಿಯುತ್ತವೆ, ನೋವು ಮಾರನೇ ದಿನ ಎದ್ದು ನಿಲ್ಲುತ್ತದೆ. ಹಿಮದ ಮೇಲೆ ಕೂತು ಜಾರಿದವರ ಪ್ಯಾಂಟುಗಳೂ ಹರಿದವು.

ಶಿಯಾ ಗೋರುವಿನ ಟೆಂಟಿಗೆ ಬಂದಾಗ ಸಂಜೆ. ರಾಜ್ಮಾ–ಅನ್ನದ ತಟ್ಟೆ ಕೈಗೆ ಬರುವಷ್ಟರಲ್ಲಿ ಲೀಡರ್ ಮಾರನೆಯ ದಿನದ ಆದೇಶ ಓದಿದ. ಬಿಸಿಲೇರಿ ಹಿಮ ಕರಗಿದರೆ ದಾರಿಯ ಹಳ್ಳ ಉಕ್ಕುತ್ತದೆ, ಆದ್ದರಿಂದ ಬೆಳಿಗ್ಗೆಯೇ ಕೈಕೈ ಹಿಡಿದು ದಾಟಬೇಕು. ಸಾಲಿನಲ್ಲಿ ಮೊದಲು ಮೇಡಂ. ಅವರನ್ನು ಯಾರೂ ಹಿಂದೆ ಹಾಕುವಂತಿಲ್ಲ. ಓಡುವ ಹುಡುಗರ ಮುಖ ಹುಳ್ಳಗಾಯಿತು. ಮೇಡಂ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು.