ಡಿಜಿಟಲ್ ಹಣಕ್ಕೆ ಹೊಣೆ ಯಾರು?

ಡಿಜಿಟಲ್ ಕರೆನ್ಸಿ ಎಂಬ ಒಂದೇ ಹೆಸರಿನಡಿ ಇಂದು ಮೂರು ಬಗೆಯ ಹಣ ಸೇರಿಕೊಂಡಿದೆ. ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ನಾಣ್ಯಗಳನ್ನು ಯಾವ ಸರ್ಕಾರವೂ ಹೊರಡಿಸಿಲ್ಲ. ಸ್ಟೇಬಲ್‌ಕಾಯಿನ್‌ಗಳನ್ನು ಖಾಸಗಿ ಕಂಪನಿಗಳು ಹೆಚ್ಚಾಗಿ ಡಾಲರ್‌ನ ಬೆಲೆಗೆ ಕಟ್ಟಿ ಹೊರಡಿಸುತ್ತವೆ. ಭಾರತದ ಡಿಜಿಟಲ್ ರೂಪಾಯಿಯಂಥವು ಆಯಾ ದೇಶದ ಕೇಂದ್ರ ಬ್ಯಾಂಕಿನ ಹಣ. ತರಕಾರಿ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕೊಡುವ ದುಡ್ಡು ಈ ಮೂರರಲ್ಲಿ ಯಾವುದೂ ಅಲ್ಲ. ಅದು ಬ್ಯಾಂಕ್ ಖಾತೆಯಲ್ಲಿರುವ ಮಾಮೂಲಿ ರೂಪಾಯಿ, ಯುಪಿಐ ಅದನ್ನು ಸಾಗಿಸುವ ದಾರಿ ಮಾತ್ರ. ಜನರಿಗೆ ಮೂರರ ಬಗ್ಗೆಯೂ ಸಂಶಯವಿದೆ, ಆದರೆ ಒಂದೊಂದರ ಮೇಲಿನ ಸಂಶಯಕ್ಕೂ ಕಾರಣ ಬೇರೆ. ‘ಇದೆಲ್ಲ ಮೋಸ’ ಎನ್ನುವವರಿಗೂ ‘ಮುಂದಿನ ಕಾಲವೆಲ್ಲ ಇದರದೇ’ ಎನ್ನುವವರಿಗೂ ಈ ವ್ಯತ್ಯಾಸ ಸಾಮಾನ್ಯವಾಗಿ ಕಾಣುವುದಿಲ್ಲ.

ನೂರು ರೂಪಾಯಿಯ ನೋಟಿನ ಕಾಗದಕ್ಕೆ ಸ್ವಂತ ಬೆಲೆ ಇಲ್ಲವೆಂದೇ ಹೇಳಬೇಕು. ಧಾರಕನಿಗೆ ಆ ಮೊತ್ತ ಸಲ್ಲಿಸುವುದಾಗಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ ಹಾಕಿದ ವಚನ ಅದರ ಮೇಲಿದೆ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಸೆಕ್ಷನ್ ಅದಕ್ಕೆ ಕೇಂದ್ರ ಸರ್ಕಾರದ ಖಾತರಿ ಕೊಟ್ಟಿದೆ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಇಂಥ ವಚನವೂ ಅಲುಗಾಡಬಹುದು ಎಂಬುದನ್ನು ಭಾರತೀಯರು 2016ರ ನವೆಂಬರ್ 8ರ ರಾತ್ರಿ ಕಂಡರು. ಚಲಾವಣೆಯಲ್ಲಿದ್ದ ನೋಟುಗಳ ಒಟ್ಟು ಮೌಲ್ಯದ ಶೇ 86ರಷ್ಟು ಅಂದು ರದ್ದಾಯಿತು. ಆ ದಿನಗಳ ಕಷ್ಟ ಸಣ್ಣದಲ್ಲ. ಆದರೂ ಸರದಿಯಲ್ಲಿ ನಿಲ್ಲಲು ಒಂದು ಬ್ಯಾಂಕ್ ಇತ್ತು, ಹಳೆಯದನ್ನು ಪಡೆದು ಹೊಸದನ್ನು ಕೊಡುವ ಹೊಣೆ ಒಂದು ಸಂಸ್ಥೆಯ ಮೇಲಿತ್ತು. ಹಣ ಹೋದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರವಿತ್ತು. ಡಿಜಿಟಲ್ ಹಣದ ಬಗೆಗಿನ ಅಪನಂಬಿಕೆಯ ಬಹುಪಾಲು ಈ ಒಂದು ಪ್ರಶ್ನೆಯಿಂದಲೇ ಹುಟ್ಟುತ್ತದೆ.

ಬಿಟ್‌ಕಾಯಿನ್ ಹುಟ್ಟಿದ್ದೂ ಅಪನಂಬಿಕೆಯಿಂದಲೇ, ಬ್ಯಾಂಕುಗಳ ಮೇಲಿನ ಅಪನಂಬಿಕೆಯಿಂದ. ಅಮೆರಿಕದ ಲೇಮನ್ ಬ್ರದರ್ಸ್ ಮುಳುಗಿ ಆರು ವಾರ ಕಳೆದಿತ್ತು. 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಅನ್ನು ವಿವರಿಸುವ ಒಂದು ಪ್ರಬಂಧ ಹೊರಬಂತು. ಆ ಹೆಸರಿನ ಹಿಂದೆ ಇರುವವರು ಯಾರೆಂಬುದು ಇಂದಿಗೂ ಸಾಬೀತಾಗಿಲ್ಲ. 2009ರ ಜನವರಿ 3ರ ದಿನಾಂಕ ಹೊತ್ತ ಬಿಟ್‌ಕಾಯಿನ್ ವಹಿವಾಟಿನ ಮೊದಲ ಕಂತಿನ ದಾಖಲೆಯೊಳಗೆ, ಬ್ಯಾಂಕುಗಳಿಗೆ ಸರ್ಕಾರ ಎರಡನೇ ಬಾರಿ ನೆರವು ಕೊಡುವ ಸುದ್ದಿಗೆ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಅಂದು ಕೊಟ್ಟಿದ್ದ ತಲೆಬರಹವನ್ನು ಹುದುಗಿಸಿಡಲಾಗಿತ್ತು.

ಡಿಜಿಟಲ್ ವಸ್ತುವನ್ನು ಎಷ್ಟು ಬಾರಿಯಾದರೂ ನಕಲು ಮಾಡಬಹುದು. ಹಾಗಿದ್ದರೆ ಒಂದೇ ನಾಣ್ಯವನ್ನು ಇಬ್ಬರಿಗೆ ಕೊಡದಂತೆ ತಡೆಯುವವರು ಯಾರು? ಬ್ಯಾಂಕ್ ಇದ್ದರೆ ಅದರ ಲೆಕ್ಕದ ಪುಸ್ತಕವೇ ತಡೆಯುತ್ತದೆ. ಬಿಟ್‌ಕಾಯಿನ್‌ನಲ್ಲಿ ಬ್ಲಾಕ್‌ಚೈನ್ ಎಂಬ ಆ ಪುಸ್ತಕದ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿರುತ್ತವೆ. ಪ್ರತಿ ವಹಿವಾಟನ್ನು ಎಲ್ಲವೂ ತಾಳೆ ನೋಡುತ್ತವೆ. ಒಮ್ಮೆ ಬರೆದು ಮೇಲೆ ಹೊಸ ಪುಟಗಳು ಕೂಡಿದ ಬಳಿಕ ಅಳಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಒಟ್ಟು ನಾಣ್ಯಗಳ ಸಂಖ್ಯೆ 2.1 ಕೋಟಿಯನ್ನು ದಾಟದಂತೆ ನಿಯಮವಿದೆ. ಈ ಮೂಲ ವ್ಯವಸ್ಥೆಯನ್ನು ಮುರಿದು ಯಾರೂ ಸುಳ್ಳು ನಾಣ್ಯ ಸೃಷ್ಟಿಸಿ ದಕ್ಕಿಸಿಕೊಂಡಿಲ್ಲ. ಈ ಸಾಧನೆಯನ್ನು ಸಂಶಯವಾದಿಗಳೂ ಒಪ್ಪಬೇಕು.

ನಂಬಿಕೆ ಮುರಿದದ್ದು ಬೇರೆ ಕಡೆ. ಕ್ರಿಪ್ಟೋ ನಾಣ್ಯದ ಒಡೆತನವೆಂದರೆ ಒಂದು ಉದ್ದನೆಯ ರಹಸ್ಯ ಸಂಖ್ಯೆಯ ಒಡೆತನ. ಆ ಗುಪ್ತ ಕೀಲಿ ಕಳೆದರೆ ನಾಣ್ಯವೂ ಹೋಯಿತು. ಅರ್ಜಿ ಕೊಡಲು ಶಾಖೆಯಿಲ್ಲ, ಪಾಸ್‌ವರ್ಡ್ ಬದಲಿಸಿಕೊಡುವ ಗುಮಾಸ್ತರಿಲ್ಲ. ಸಾಮಾನ್ಯರಿಗೆ ಇದು ಹೊರಲಾಗದ ಭಾರ. ಹಾಗಾಗಿ ಬಹಳಷ್ಟು ಮಂದಿ ನಾಣ್ಯ ಕೊಂಡ ಎಕ್ಸ್‌ಚೇಂಜಿನಲ್ಲೇ ಅದನ್ನು ಇಟ್ಟುಬಿಡುತ್ತಾರೆ. ಮಧ್ಯವರ್ತಿಯೇ ಬೇಡವೆಂದು ಕಟ್ಟಿದ ಹಣಕ್ಕೆ ಹೀಗೆ ಹೊಸ ಮಧ್ಯವರ್ತಿಗಳು ಹುಟ್ಟಿಕೊಂಡರು. ಬ್ಯಾಂಕುಗಳಿಗಿರುವ ತಪಾಸಣೆಯೂ ವಿಮೆಯೂ ಅವುಗಳಿಗೆ ಇರಲಿಲ್ಲ.

2014ರ ಫೆಬ್ರುವರಿಯಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ದಿವಾಳಿಯಾದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದ್ದವು. ಅವುಗಳಲ್ಲಿ ಸುಮಾರು 2 ಲಕ್ಷ ಮಾತ್ರ ಬಳಿಕ ಪತ್ತೆಯಾದವು. 2022ರ ನವೆಂಬರ್‌ನಲ್ಲಿ ಬಹಾಮಾಸ್‌ನಿಂದ ನಡೆಯುತ್ತಿದ್ದ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಕುಸಿಯಿತು. ಆ ಕುಸಿತಕ್ಕೆ ಕಾರಣ ಹ್ಯಾಕರ್ ಅಲ್ಲ. ಗ್ರಾಹಕರ ಹಣವನ್ನು ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್ ಬೇರೆಡೆ ತಿರುಗಿಸಿದ್ದು ನ್ಯೂಯಾರ್ಕ್ ನ್ಯಾಯಾಲಯದಲ್ಲಿ ಸಾಬೀತಾಗಿ 2024ರ ಮಾರ್ಚ್‌ನಲ್ಲಿ 25 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಭಾರತೀಯರಿಗೆ ಹತ್ತಿರದ ಪೆಟ್ಟು ಬಿದ್ದದ್ದು 2024ರ ಜುಲೈ 18ರಂದು. ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜಿನ ಒಂದು ವ್ಯಾಲೆಟ್ಟಿನಿಂದ ಸುಮಾರು 23 ಕೋಟಿ ಡಾಲರ್, ಅಂದರೆ 2,000 ಕೋಟಿ ರೂಪಾಯಿಗೆ ಹತ್ತಿರದ ಮೊತ್ತ, ಕಳುವಾಯಿತು. ಹಣ ತೆಗೆಯಲು ಒಬ್ಬರಲ್ಲ, ಹಲವರ ಡಿಜಿಟಲ್ ಸಹಿ ಬೇಕೆಂಬ ಏರ್ಪಾಡಿದ್ದ ವ್ಯಾಲೆಟ್ ಅದು. ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿ ಹೇಳಿಕೆ ನೀಡಿ, ಈ ಕಳ್ಳತನ ಉತ್ತರ ಕೊರಿಯಾದ ಗುಂಪಿನದೆಂದು ಹೇಳಿದವು. ದೇಶದ ಮೂಲೆಮೂಲೆಯ ಗ್ರಾಹಕರು ತಮ್ಮ ಉಳಿದ ಪಾಲಿಗಾಗಿ ಸಿಂಗಪುರದ ನ್ಯಾಯಾಲಯದ ತೀರ್ಮಾನಕ್ಕೆ ಕಾಯಬೇಕಾಯಿತು, ಏಕೆಂದರೆ ಕಂಪನಿಯ ಸಾಲ ಪುನರ್ವ್ಯವಸ್ಥೆಯ ಪ್ರಕ್ರಿಯೆ ನಡೆದದ್ದು ಅಲ್ಲಿ. ವಹಿವಾಟು ಮತ್ತೆ ಆರಂಭವಾದದ್ದು 2025ರ ಅಕ್ಟೋಬರ್‌ನಲ್ಲಿ. ಇಷ್ಟೂ ಕಾಲ ಬ್ಲಾಕ್‌ಚೈನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕಳ್ಳನ ವ್ಯಾಲೆಟ್ಟಿಗೆ ಹೋದ ನಾಣ್ಯವನ್ನೂ ಅದು ಅಚ್ಚುಕಟ್ಟಾಗಿ ದಾಖಲಿಸಿತ್ತು. ವಾಪಸು ತರುವ ಅಧಿಕಾರ ಮಾತ್ರ ಯಾರಿಗೂ ಇರಲಿಲ್ಲ.

ಬೆಲೆಯ ಏರಿಳಿತ ಇನ್ನೊಂದು ಕಾರಣ. 2021ರ ನವೆಂಬರ್‌ನಲ್ಲಿ 69,000 ಡಾಲರ್ ಸಮೀಪವಿದ್ದ ಬಿಟ್‌ಕಾಯಿನ್ ಮರುವರ್ಷದ ಕೊನೆಗೆ 17,000ಕ್ಕಿಂತ ಕೆಳಗಿಳಿದಿತ್ತು; 2024ರ ಡಿಸೆಂಬರ್‌ನಲ್ಲಿ 1 ಲಕ್ಷ ದಾಟಿತು. ಇದರಲ್ಲಿ ಲಾಭ ಮಾಡಿದವರು ಇದ್ದಾರೆ. ಆದರೆ ತಿಂಗಳ ಸಂಬಳವನ್ನೋ ಮನೆ ಬಾಡಿಗೆಯನ್ನೋ ಇಂಥ ಅಳತೆಗೋಲಿನಲ್ಲಿ ನಿಗದಿ ಮಾಡಲಾಗದು. ಎಲ್ ಸಾಲ್ವಡಾರ್ ಆ ಪ್ರಯೋಗ ಮಾಡಿ ನೋಡಿತು. 2021ರ ಸೆಪ್ಟೆಂಬರ್ 7ರಂದು ಅಲ್ಲಿ ಬಿಟ್‌ಕಾಯಿನ್ ಅಧಿಕೃತ ಹಣವಾಯಿತು, ಸರ್ಕಾರಿ ಆ್ಯಪ್ ಹಾಕಿಕೊಂಡವರಿಗೆ 30 ಡಾಲರ್ ಮೌಲ್ಯದ ನಾಣ್ಯ ಉಚಿತವಾಗಿ ಸಿಕ್ಕಿತು. ಆ ಮೊತ್ತ ಖರ್ಚಾದ ಮೇಲೆ ಹೆಚ್ಚಿನವರು ಆ್ಯಪ್ ಮುಟ್ಟಲಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲದ ಷರತ್ತಿಗೆ ಒಪ್ಪಿ 2025ರ ಜನವರಿಯಲ್ಲಿ ಕಾನೂನು ತಿದ್ದುಪಡಿಯಾಯಿತು. ವ್ಯಾಪಾರಿಗಳು ಬಿಟ್‌ಕಾಯಿನ್ ಪಡೆಯಲೇಬೇಕೆಂಬ ಕಡ್ಡಾಯ ಹೋಯಿತು.

ಬೆಲೆಯ ಏರಿಳಿತಕ್ಕೆ ಮದ್ದೆಂದು ಬಂದವು ಸ್ಟೇಬಲ್‌ಕಾಯಿನ್‌ಗಳು. ಒಂದು ನಾಣ್ಯಕ್ಕೆ ಯಾವಾಗಲೂ ಒಂದು ಡಾಲರ್ ಎಂಬುದು ಅವುಗಳ ಮಾತು. ಬೆನ್ನಿಗೆ ನಿಜವಾದ ಠೇವಣಿ ಇಲ್ಲದೆ, ಇನ್ನೊಂದು ನಾಣ್ಯದ ಲೆಕ್ಕಾಚಾರದ ಮೇಲೆಯೇ ನಿಂತಿದ್ದ ಟೆರಾಯುಎಸ್‌ಡಿ 2022ರ ಮೇಯಲ್ಲಿ ಕೆಲವೇ ದಿನಗಳಲ್ಲಿ ಕುಸಿದುಬಿತ್ತು. ಠೇವಣಿ ಇದ್ದವೂ ಪೂರ್ತಿ ಸುರಕ್ಷಿತವಲ್ಲ. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ, ಯುಎಸ್‌ಡಿಸಿ ನಾಣ್ಯದ ಹಿಂದಿನ 330 ಕೋಟಿ ಡಾಲರ್ ಅಲ್ಲಿತ್ತೆಂಬ ಸುದ್ದಿಗೆ ಅದರ ಬೆಲೆ 90 ಸೆಂಟಿಗಿಂತ ಕೆಳಗಿಳಿಯಿತು. ಆ ಬ್ಯಾಂಕಿನ ಠೇವಣಿಗಳಿಗೆಲ್ಲ ರಕ್ಷಣೆ ಇದೆಯೆಂದು ಅಮೆರಿಕ ಸರ್ಕಾರ ಘೋಷಿಸಿದ ಮೇಲೆಯೇ ಬೆಲೆ ಚೇತರಿಸಿದ್ದು. ಸರ್ಕಾರದ ಹಂಗಿಲ್ಲದ ಹಣ ಎಂಬ ಹೆಮ್ಮೆ ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ಈ ಘಟನೆ ಸ್ಪಷ್ಟವಾಗಿ ತೋರಿಸಿತು. 2025ರ ಜುಲೈನಲ್ಲಿ ಅಮೆರಿಕ ತಂದ ಕಾನೂನಿನ ಪ್ರಕಾರ, ಹೊರಡಿಸಿದ ಪ್ರತಿ ನಾಣ್ಯದ ಹಿಂದೆ ಅಷ್ಟೇ ಮೌಲ್ಯದ ನಗದು ಅಥವಾ ಅಲ್ಪಾವಧಿ ಸರ್ಕಾರಿ ಸಾಲಪತ್ರದಂಥ ಮೀಸಲು ಇರಬೇಕು.

ಭಾರತದಲ್ಲಿ ಕ್ರಿಪ್ಟೋದ ಸ್ಥಿತಿ ಇನ್ನಷ್ಟು ಗೊಂದಲದ್ದು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ನಗದು ಕೊಟ್ಟು ಬಿಟ್‌ಕಾಯಿನ್ ಪಡೆಯುವ ಯಂತ್ರ ಕಾಣಿಸಿಕೊಂಡು, ಕೆಲವೇ ದಿನಗಳಲ್ಲಿ ಪೊಲೀಸರ ವಶವಾಯಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. 2021ರ ಚಳಿಗಾಲದ ಅಧಿವೇಶನದ ಪಟ್ಟಿಗೆ ಸೇರಿದ್ದ ಕ್ರಿಪ್ಟೋ ಮಸೂದೆ ಮಂಡನೆಯಾಗಲಿಲ್ಲ. 2022ರ ಬಜೆಟ್ ಲಾಭದ ಮೇಲೆ ಶೇ 30 ತೆರಿಗೆ, ವಹಿವಾಟಿನ ಮೇಲೆ ಶೇ 1 ಟಿಡಿಎಸ್ ಹಾಕಿತು. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶ ಕೊಡಲಿಲ್ಲ. ತೆರಿಗೆ ಬಂತೆಂದರೆ ಮಾನ್ಯತೆಯೂ ಬಂತು ಎಂದು ಹಲವರು ಭಾವಿಸಿದರು. ಅದು ತಪ್ಪು ತಿಳಿವಳಿಕೆ. ಇಂಥ ಆಸ್ತಿಗೆ ಬೆನ್ನೆಲುಬಾಗಿ ಯಾವ ಮೌಲ್ಯವೂ ಇಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಲುವು ಬದಲಾಗಿಲ್ಲ. ಈ ಅಸ್ಪಷ್ಟತೆಯ ಲಾಭ ಪಡೆಯುವವರು ವಂಚಕರು. ತಿಂಗಳಿಗಿಷ್ಟು ಖಚಿತ ಲಾಭ, ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್ ಎಂಬ ಹಳೆಯ ಸ್ಕೀಮುಗಳೇ ಈಗ ‘ಕಾಯಿನ್’ ಹೆಸರಿನಲ್ಲಿ ಊರೂರಿಗೆ ಬಂದಿವೆ. ಅವುಗಳಲ್ಲಿ ಹಣ ಕಳೆದುಕೊಂಡ ಕುಟುಂಬಕ್ಕೆ ಬ್ಲಾಕ್‌ಚೈನ್ ಎಷ್ಟು ಭದ್ರ ಎಂಬ ವಾದದಿಂದ ಯಾವ ಸಮಾಧಾನವೂ ಸಿಗದು.

ಡಿಜಿಟಲ್ ರೂಪಾಯಿಯ ವಿಷಯವೇ ಬೇರೆ. 2022ರ ಡಿಸೆಂಬರ್ 1ರಂದು ಮುಂಬೈ, ನವದೆಹಲಿ, ಬೆಂಗಳೂರು ಮತ್ತು ಭುವನೇಶ್ವರಗಳಲ್ಲಿ ಜನಸಾಮಾನ್ಯರಿಗಾಗಿ ಅದರ ಪ್ರಯೋಗ ಶುರುವಾಯಿತು. ಇದು ರಿಸರ್ವ್ ಬ್ಯಾಂಕಿನ ನೇರ ಹೊಣೆ. ನೋಟಿನಷ್ಟೇ ಕಾನೂನು ಬಲವಿದೆ, ನೋಟಿನಂತೆಯೇ ಬಡ್ಡಿ ಇಲ್ಲ. ಬ್ಯಾಂಕ್ ಮುಳುಗಿದರೂ ಇದು ಮುಳುಗದು. ಹಾಗಿದ್ದೂ 2025ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದದ್ದು ಸುಮಾರು 1,016 ಕೋಟಿ ರೂಪಾಯಿ; ಕಾಗದದ ನೋಟುಗಳು 36 ಲಕ್ಷ ಕೋಟಿಗೂ ಮಿಗಿಲು. ಇಲ್ಲಿ ಜನ ಕೇಳುವುದು ‘ನಂಬಬಹುದೇ’ ಎಂದಲ್ಲ, ‘ಬೇಕೇ’ ಎಂದು. 2025ರ ಆಗಸ್ಟ್‌ನಲ್ಲಿ ವಹಿವಾಟುಗಳ ಸಂಖ್ಯೆಯಲ್ಲಿ ತಿಂಗಳಿಗೆ 2,000 ಕೋಟಿ ದಾಟಿದ ಯುಪಿಐ ಕೈಯಲ್ಲಿರುವಾಗ ಇನ್ನೊಂದು ಆ್ಯಪ್ ಏಕೆಂಬ ಪ್ರಶ್ನೆ ನ್ಯಾಯವಾದದ್ದೇ. ನೈಜೀರಿಯಾ 2021ರ ಅಕ್ಟೋಬರ್‌ನಲ್ಲಿ ಇ-ನೈರಾ ತಂದಾಗಲೂ ಹೀಗೇ ಆಯಿತು. ತೆರೆದ ವ್ಯಾಲೆಟ್ಟುಗಳಲ್ಲಿ ಬಹುಪಾಲು ಬಳಕೆಯಾಗದೆ ಉಳಿದವು. 2023ರ ಆರಂಭದಲ್ಲಿ ನೋಟು ಬದಲಾವಣೆಯಿಂದ ನಗದಿನ ಬರ ಬಂದಾಗ ಅಲ್ಲಿನ ಜನ ಬೀದಿಗಿಳಿದು ಕೇಳಿದ್ದು ನೋಟನ್ನೇ.

ಕೇಂದ್ರ ಬ್ಯಾಂಕಿನ ಹಣದ ಬಗ್ಗೆ ಆಳವಾದ ಸಂಶಯ ಖಾಸಗಿತನದ್ದು. ನೋಟಿಗೆ ತನ್ನ ಹಿಂದಿನ ಒಡೆಯ ಯಾರೆಂಬುದು ಗೊತ್ತಿಲ್ಲ. ಡಿಜಿಟಲ್ ಹಣಕ್ಕೆ ಗೊತ್ತಿರಬಹುದು. ಡಿಜಿಟಲ್ ಯೂರೊ ಕುರಿತು ಐರೋಪ್ಯ ಕೇಂದ್ರ ಬ್ಯಾಂಕ್ 2020-21ರಲ್ಲಿ ಅಭಿಪ್ರಾಯ ಕೇಳಿದಾಗ 8,200ಕ್ಕೂ ಹೆಚ್ಚು ಉತ್ತರಗಳು ಬಂದವು. ಶೇ 43ರಷ್ಟು ಮಂದಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದದ್ದು ಖಾಸಗಿತನ. ಅಮೆರಿಕದಲ್ಲಿ ಅಧ್ಯಕ್ಷ ಟ್ರಂಪ್ 2025ರ ಜನವರಿಯಲ್ಲಿ ಇದೇ ಕಾರಣವನ್ನೂ ಮುಂದಿಟ್ಟು ಡಿಜಿಟಲ್ ಡಾಲರ್ ತರದಂತೆ ಸರ್ಕಾರಿ ಸಂಸ್ಥೆಗಳಿಗೆ ಆದೇಶಿಸಿದರು. ಖಾಸಗಿತನದ ಜತೆಗೆ ನಿಯಂತ್ರಣದ ಪ್ರಶ್ನೆಯೂ ಇದೆ. ಭಾರತದಲ್ಲಿ ಒಡಿಶಾ ಮತ್ತು ಆಂಧ್ರಪ್ರದೇಶದ ಆಯ್ದ ಜಿಲ್ಲೆಗಳ ಗೇಣಿ ರೈತರಿಗೆ ಸ್ಟೇಟ್ ಬ್ಯಾಂಕ್ ಪ್ರಾಯೋಗಿಕವಾಗಿ ಕೊಟ್ಟ ಡಿಜಿಟಲ್ ರೂಪಾಯಿ ಸಾಲ, ಬೀಜ ಗೊಬ್ಬರದಂಥ ಕೃಷಿ ಸಾಮಗ್ರಿಗೆ ಮಾತ್ರ ಬಳಕೆಯಾಗುವಂತೆ ರೂಪುಗೊಂಡಿತ್ತು. ಜಮೀನಿನ ದಾಖಲೆ ಇಲ್ಲದ ಗೇಣಿದಾರನಿಗೆ ಬ್ಯಾಂಕ್ ಸಾಲ ಸಿಗುವುದೇ ಕಷ್ಟ. ಹಣ ಎಲ್ಲಿ ಖರ್ಚಾಗುತ್ತದೆಂಬ ಭರವಸೆ ಇದ್ದಾಗ ಬ್ಯಾಂಕ್ ಮುಂದೆ ಬರುತ್ತದೆ. ಇದು ನಿಜವಾದ ಉಪಕಾರ. ಆದರೆ ಏನನ್ನು ಕೊಳ್ಳಬಹುದೆಂದು ಹಣವೇ ತೀರ್ಮಾನಿಸುವ ಶಕ್ತಿ ಸಾಲದಾಚೆಗೂ, ಸಂಬಳಕ್ಕೂ ಪಿಂಚಣಿಗೂ ಹಬ್ಬದಂತೆ ತಡೆಯುವ ಕಟ್ಟುಪಾಡು ಕಾನೂನಿನಲ್ಲೇ ಇರಬೇಕು. ಸಣ್ಣ ಮೊತ್ತದ ಪಾವತಿಗಳು ನಗದಿನಂತೆ ಗುಟ್ಟಾಗಿ ಉಳಿಯುತ್ತವೆಯೇ, ದೊಡ್ಡ ಮೊತ್ತದ ದಾಖಲೆ ಯಾರ ಕೈಯಲ್ಲಿರುತ್ತದೆ, ಅದನ್ನು ನೋಡಲು ಯಾರ ಅನುಮತಿ ಬೇಕು ಎಂಬುದನ್ನೂ ಆ್ಯಪಿನ ನಿಯಮಗಳಿಗೆ ಬಿಡದೆ ಸಂಸತ್ತೇ ನಿರ್ಧರಿಸಬೇಕಾಗಿದೆ.