ಕಾರಿಗೊಂದು ಬಾಡಿಗೆ ಜಾಗ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಮನೆ ಸಿಕ್ಕಿತು, ಕಾರಿಗೆ ಜಾಗ ಸಿಗಲಿಲ್ಲವೇ? 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ಇದು. ಇಲ್ಲಿನ ಅಡ್ಡರಸ್ತೆಗಳನ್ನು ಹಾಕಿದಾಗ ಮನೆಗೊಂದು ಕಾರು ಯಾರ ಲೆಕ್ಕದಲ್ಲೂ ಇರಲಿಲ್ಲ.

ಮೊದಲು ಫೋನ್ ಕೆಳಗಿಟ್ಟು ನಡೆದು ಹುಡುಕಿ. ಮಕ್ಕಳು ಹೊರದೇಶದಲ್ಲಿರುವ ಹಿರಿಯರ ಮನೆಗಳಲ್ಲಿ ಗೇಟಿನೊಳಗೆ ಒಂದು ಕಾರಿನ ಜಾಗ ಎಷ್ಟೋ ಸಲ ಖಾಲಿ ಇರುತ್ತದೆ. ಯಾರು ಕಾರು ಮಾರಿದರು, ಯಾರ ಪೋರ್ಟಿಕೋ ಖಾಲಿ ಅನ್ನೋದು ಬೀದಿಯ ಇಸ್ತ್ರಿಯವರಿಗೆ, ದಿನಸಿ ಅಂಗಡಿಯವರಿಗೆ, ವಾಚ್‌ಮನ್‌ಗೆ ಚೆನ್ನಾಗಿ ಗೊತ್ತು. ಅವರನ್ನೇ ಕೇಳಿ.

ಅಪಾರ್ಟ್‌ಮೆಂಟಿನಲ್ಲಿ ಸಿಕ್ಕಿತೇ? ಅಡ್ವಾನ್ಸ್ ಕೊಡುವ ಮುಂಚೆ ಅಸೋಸಿಯೇಷನ್ ಒಪ್ಪಿಗೆ ಪಡೆಯಿರಿ. ಹೊರಗಿನವರಿಗೆ ಬಾಡಿಗೆ ಕೊಡುವುದನ್ನು ಹಲವು ಕಡೆ ಬೈಲಾ ಒಪ್ಪುವುದಿಲ್ಲ. ಮಾತು ಮುಗಿದ ಮೇಲೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಗಾಡಿ ನಂಬರ್, ತಿಂಗಳ ಬಾಡಿಗೆ, ಗೇಟಿನ ಕೀ ಯಾರ ಹತ್ತಿರ, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು. ನಾಚಿಕೆ ಬೇಡ, ಇದರಿಂದ ಇಬ್ಬರಿಗೂ ನೆಮ್ಮದಿ.

ಜಯನಗರ, ಶಾಂತಿನಗರ, ವಿಜಯನಗರದ ಕಡೆಯವರು ಬಿಎಂಟಿಸಿಯ ಟಿಟಿಎಂಸಿ ಕಟ್ಟಡಗಳನ್ನೂ, ಅಂದರೆ ಬಸ್ ನಿಲ್ದಾಣದ ಜೊತೆ ಪಾರ್ಕಿಂಗ್ ಇರುವ ಕಟ್ಟಡಗಳನ್ನೂ, ನೋಡಿ. ತಿಂಗಳ ಪಾಸ್ ಇದೆಯೇ, ರಾತ್ರಿ ನಿಲ್ಲಿಸಬಹುದೇ ಅಂತ ಕೌಂಟರಿನಲ್ಲೇ ವಿಚಾರಿಸಿ.

ಮನೆ ಮುಂದಿನ ರಸ್ತೆ ಪುಕ್ಕಟೆ ಅಂದುಕೊಳ್ಳಬೇಡಿ. 2021ರಲ್ಲಿ ಸರ್ಕಾರ ಒಪ್ಪಿದ ಪಾರ್ಕಿಂಗ್ ನೀತಿ 2.0 ಅಲ್ಲಿಗೂ ವಾರ್ಷಿಕ ಪರ್ಮಿಟ್ ಸೂಚಿಸಿದೆ: ಸಣ್ಣ ಕಾರಿಗೆ 1,000, ಎಸ್‌ಯುವಿಗೆ 5,000 ರೂಪಾಯಿ. ನನ್ನ ಪ್ರಕಾರ ಅದು ನ್ಯಾಯವೇ, ರಸ್ತೆ ಎಲ್ಲರದು.

ಜಾಗ ಸಿಗುವವರೆಗೂ ದಯವಿಟ್ಟು ಕಾರನ್ನು ಫುಟ್‌ಪಾತ್ ಮೇಲೆ ಹತ್ತಿಸಬೇಡಿ. ಶಾಲೆಗೆ ಹೋಗುವ ಮಕ್ಕಳು, ಕೋಲೂರಿ ನಡೆಯುವ ಅಜ್ಜಿಯರು ನಿಮ್ಮ ಕಾರಿನಿಂದಾಗಿ ಬಸ್ಸುಗಳ ನಡುವೆ ಇಳಿಯುವಂತಾಗಬಾರದು.